ಹೆಸರು ಕನ್ನಡದಲ್ಲಿ, ಹಣ ಇಂಗ್ಲಿಷಿನಲ್ಲಿ!

(ಊರ್ಡಿಗೆರೆಯ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿಗೆ ಓದು ಬಿಟ್ಟು ಪ್ರೆಸ್ಸಿಗೆ ಸೇರಿದವನು. ಲಗ್ನಪತ್ರಿಕೆಯಲ್ಲಿ ಹೆಸರು ತಪ್ಪಿದರೆ ನಮಗೆ ಬೈಗುಳ. ರೈತನ ಕಾಗದದಲ್ಲಿ ತಪ್ಪಿದರೆ? ಅವನಿಗೆ ದುಡ್ಡೇ ಇಲ್ಲ!

2020ರ ಜನವರಿ 2ರಂದು ಪ್ರಧಾನಿ ನರೇಂದ್ರ ಮೋದಿಯವರು ನಮ್ಮ ತುಮಕೂರಿಗೇ ಬಂದು ಕಿಸಾನ್ ಸಮ್ಮಾನ್ ಕಂತು ಬಿಡುಗಡೆ ಮಾಡಿದರು. ದೇಶದ ಸುಮಾರು 6 ಕೋಟಿ ರೈತರಿಗೆ 12,000 ಕೋಟಿ ರೂಪಾಯಿ! ಒಬ್ಬ ರೈತನಿಗೆ ವರ್ಷಕ್ಕೆ 6,000, ಕಂತಿಗೆ 2,000ದಂತೆ ಮೂರು ಕಂತು. ರಾಜ್ಯ ಸರ್ಕಾರ 2019ರಲ್ಲಿ ಸೇರಿಸಿದ್ದ 4,000 ರೂಪಾಯಿ 2023ರಲ್ಲಿ ನಿಂತುಹೋಯಿತು. ಉಳಿದದ್ದಾದರೂ ಕೈಸೇರಬೇಡವೇ? ರಾಗಿ ಬೆಳೆಯುವವನಿಗೆ 2,000 ಎಂದರೆ ಒಂದು ಮೂಟೆ ಡಿಎಪಿ, ಮೇಲೆ ಉಳುಮೆಗೆ ಒಂದಿಷ್ಟು ಕಾಸು.

ಹಣ ಎಲ್ಲಿ ಸಿಕ್ಕಿಬೀಳುತ್ತದೆ, ಕೇಳಿ. ಪಹಣಿ ಕನ್ನಡದಲ್ಲಿದೆ. ಬ್ಯಾಂಕಿನ ಖಾತೆ ಇಂಗ್ಲಿಷಿನಲ್ಲಿದೆ. ನಡುವೆ ಆಧಾರ್. ಪಹಣಿಯ ಲಕ್ಷ್ಮಮ್ಮನನ್ನು ಇಂಗ್ಲಿಷಿಗೆ ಇಳಿಸುವಾಗ ಒಬ್ಬ 'ಕ್ಷ'ಕ್ಕೆ 'ಕೆ ಎಸ್ ಎಚ್' ಹೊಡೆಯುತ್ತಾನೆ, ಇನ್ನೊಬ್ಬ 'ಎಕ್ಸ್' ಹೊಡೆಯುತ್ತಾನೆ. ಒಂದು ಕಡೆ 'ಕೋಂ' ಎಂದು ಗಂಡನ ಹೆಸರು ಸೇರುತ್ತದೆ, ಇನ್ನೊಂದು ಕಡೆ ಬಿಟ್ಟುಹೋಗುತ್ತದೆ. ಒಬ್ಬಳೇ ಲಕ್ಷ್ಮಮ್ಮ ಕಂಪ್ಯೂಟರಿಗೆ ಮೂವರಾಗುತ್ತಾಳೆ! ತಾಳೆಯಾಗದಿದ್ದರೆ ಅರ್ಜಿ ನಿಂತಿತು. ಸತ್ತುಹೋದ ತಂದೆಯ ಹೆಸರಿನಲ್ಲೇ ಪಹಣಿ ಉಳಿದಿದ್ದರಂತೂ ಮಗನಿಗೆ ದಾರಿಯೇ ಇಲ್ಲ.

2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಆ ಪರಿಹಾರದ ಹಣಕ್ಕೂ 'ಫ್ರೂಟ್ಸ್' ನೋಂದಣಿಯೇ ಆಧಾರವಾಯಿತು. ರೈತರ ಯೋಜನೆಗೆ ಇಡಲು ಕನ್ನಡದಲ್ಲಿ ಹೆಸರೇ ಸಿಗಲಿಲ್ಲವೇ?

ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ ಎನ್ನುವವರಿಗೆ 'ಭೂಮಿ' ಯೋಜನೆ ತೋರಿಸಿ. 2000ದ ದಶಕದ ಆರಂಭದಲ್ಲೇ ಸುಮಾರು 2 ಕೋಟಿ ಪಹಣಿಗಳು ಕನ್ನಡದಲ್ಲೇ ಕಂಪ್ಯೂಟರ್ ಏರಿದವು. ಪಹಣಿಗೆ ಆದದ್ದು ಬ್ಯಾಂಕಿಗೆ ಏಕಾಗದು? ಖಾತೆಯ ಅರ್ಜಿ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಇದು ಭಿಕ್ಷೆಯಲ್ಲ, ಹಕ್ಕು! ಆದರೂ ಒಂದು ಶಾಖೆಯಲ್ಲಿ ನನ್ನ ಕಣ್ಣೆದುರೇ ಪಾಸ್‌ಬುಕ್ ಹಿಡಿದು ನಿಂತ ಅಜ್ಜಿಗೆ "ಹಿಂದಿ ಬರುತ್ತಾ?" ಎಂದು ಕೇಳಿದರು. ಅಜ್ಜಿ ಸುಮ್ಮನೆ ಹೊರಬಂದರು.

ಗೆಳೆಯರೇ, ನಾಮಫಲಕಕ್ಕೆ ಹೋರಾಡಿದ್ದೀರಿ, ಸಂತೋಷ. ಈಗ ಪಾಸ್‌ಬುಕ್ಕಿಗೂ ಹೋರಾಡಿ. ಬರುವ ಭಾನುವಾರ ನಿಮ್ಮ ನಿಮ್ಮ ಊರಿಗೆ ಹೋಗಿ. ಅಜ್ಜಿಯ ಪಹಣಿ, ಆಧಾರ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ನಮ್ಮ ಪ್ರೂಫ್ ನೋಡುವವರಂತೆ ಅಕ್ಷರ ಅಕ್ಷರ ಓದಿ. ಇ-ಕೆವೈಸಿ ಆಗಿದೆಯೇ ನೋಡಿ. ತಪ್ಪಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕರೆದೊಯ್ಯಿರಿ. ತಂದೆ ತೀರಿಕೊಂಡಿದ್ದರೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿಸಿ. ಬ್ಯಾಂಕಿನಲ್ಲಿ ಕನ್ನಡ ಅರ್ಜಿ ಇಲ್ಲವೆಂದರೆ ಕನ್ನಡದಲ್ಲೇ ದೂರು ಬರೆದು ಸ್ವೀಕೃತಿ ಪಡೆಯಿರಿ. ದೂರಿನ ನಮೂನೆ ನಾನು ಅಚ್ಚು ಹಾಕಿಕೊಡುತ್ತೇನೆ. ಕಾಸು ಬೇಡ.

ರೈತನ ಹೆಸರು ಅವನ ಭಾಷೆಯಲ್ಲಿ ಉಳಿಯಲಿ. ಅವನ ಹಣ ಅವನ ಕೈಸೇರಲಿ. ಜೈ ಕನ್ನಡಾಂಬೆ!