ಗೋಣಿನ ಒಳಪೆಟ್ಟು

(ಹಂಗಾಮಿನ ಆರಂಭದಲ್ಲಿ ಕೂಡಿದ್ದ ಸಭಾಸದರ ಮೇಳಾವೆಯಲ್ಲಿ ಕಾರಖಾನೆಯ ದವಾಖಾನೆಯ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ತಳಿ, ಗೊಬ್ಬರ, ನೀರಿನ ಮಾತು ಈಗಾಗಲೇ ಆಗಿದೆ. ನನ್ನದು ಗೋಣಿನ ಮಾತು. ರಕ್ತ ಸುರಿದರೆ ನಾವೆಲ್ಲ ದವಾಖಾನೆಗೆ ಓಡುತ್ತೇವೆ. ರಕ್ತ ಕಾಣದ ಒಳಪೆಟ್ಟಿಗೆ, ಮರಾಠಿಯಲ್ಲಿ ‘ಮುಕಾ ಮಾರ’ ಅನ್ನುತ್ತಾರಲ್ಲ, ಅದಕ್ಕೆ ಅರಿಷಿಣ ಹಚ್ಚಿ ಮಲಗುತ್ತೇವೆ. ಗೋಣಿಗೆ ಬಿದ್ದ ಪೆಟ್ಟಿನಲ್ಲಿ ಹೀಗೆ ಮಾಡುವಂತಿಲ್ಲ.

ಹಿಂದೊಂದು ಹಂಗಾಮಿನಲ್ಲಿ ಒಬ್ಬ ತರುಣ ರಾತ್ರಿ ಹೊಲದಿಂದ ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದ. ದಾರಿಯಲ್ಲಿ ದೀಪವಿಲ್ಲದೆ ನಿಂತಿದ್ದ ಟ್ರೇಲರಿನ ಹಿಂದೆ ಕಬ್ಬು ಹೊರಗೆ ಚಾಚಿತ್ತು. ಅದು ಕೊರಳಿಗೆ ಬಡಿದು ಕೆಳಗೆ ಬಿದ್ದ. ಎದ್ದು ಮೈ ಕೊಡವಿಕೊಂಡು ತಾನೇ ಮನೆಗೆ ಹೋದ. ಮರುದಿನ ನನ್ನಲ್ಲಿಗೆ ಬಂದ. ಕೊರಳ ಎಡಕ್ಕೆ ಕೆಂಪು ಬರೆ, ಎಡಗಡೆಗೆ ಮಾತ್ರ ತಲೆನೋವು. ಗಾಯವಿಲ್ಲ, ಎಲುಬು ಮುರಿದಿಲ್ಲ ಎಂದು ನಾನು ನೋವಿನ ಗುಳಿಗೆ ಕೊಟ್ಟು ಕಳಿಸಿದೆ. ಸಂಜೆ ಮನೆಯವರು ಗೋಣು ಹಿಡಿದಿದೆ ಎಂದು ತಿಕ್ಕಿಸಿ, ಲಟಕ್ಕನೆ ಹೊರಳಿಸಿ ನೆಟಿಕೆ ತೆಗೆಸಿದರು. ಮೂರನೆಯ ದಿನ ಬೆಳಿಗ್ಗೆ ಚಹದ ಬಟ್ಟಲು ಬಲಗೈಯಿಂದ ಜಾರಿತು, ಮಾತು ತೊದಲಿತು. ಮೂವತ್ತು ತುಂಬದ ಹುಡುಗನಿಗೆ ಲಕ್ವ! ಊರವರು ಗಾಳಿ ಸೋಂಕಿತು ಅಂದರು.

ಆದದ್ದು ಇಷ್ಟು. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ನಾಲ್ಕು. ಎರಡು ಮುಂದೆ, ಉಸಿರುನಳಿಗೆಯ ಆಚೆ ಈಚೆ. ಬೆರಳಿಟ್ಟರೆ ಮಿಡಿತ ಸಿಗುತ್ತದೆ. ಎರಡು ಹಿಂದೆ, ಗೋಣಿನ ಎಲುಬುಗಳ ತೂತಿನೊಳಗಿಂದಲೇ ಮೇಲೇರುತ್ತವೆ. ನಾಳದ ಗೋಡೆಗೆ ಮೂರು ಪದರು. ಗೋಣು ಜೋರಾಗಿ ಹಿಂದಕ್ಕೆ ಬಾಗಿದರೆ, ತಿರುಚಿದರೆ, ಇಲ್ಲವೆ ನೇರ ಹೊಡೆತ ಬಿದ್ದರೆ ಹೊರಗೆ ಚರ್ಮ ಹರಿಯದಿದ್ದರೂ ಒಳಪದರು ಹರಿಯಬಹುದು. ನಮ್ಮ ಪೈಪಿನ ಒಳಗೆ ಸಿಪ್ಪೆ ಎದ್ದರೆ ಅಲ್ಲಿ ಕಸ ಕೂಡುವುದಿಲ್ಲವೇ? ಹಾಗೆ ಹರಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪಿನ ತುಣುಕು ಕಳಚಿ ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಲಕ್ವ. ಎಡ ಮಿದುಳು ಕೆಟ್ಟರೆ ಬಲ ಮೈ ಬೀಳುತ್ತದೆ.

ಇದು ಅಪರೂಪ. ದೊಡ್ಡ ಪೆಟ್ಟು ತಿಂದು ಆಸ್ಪತ್ರೆ ಸೇರಿದವರಲ್ಲಿ ನೂರಕ್ಕೆ ಒಬ್ಬಿಬ್ಬರು. ಆದರೆ ಪೆಟ್ಟಿಗೂ ಲಕ್ವಕ್ಕೂ ನಡುವೆ ಬಹಳ ಸಲ ಹತ್ತು ಗಂಟೆಯಿಂದ ಮೂರು ದಿನ, ಕೆಲವೊಮ್ಮೆ ವಾರವೂ ಹೋಗುತ್ತದೆ. ಉಳಿಸಿಕೊಳ್ಳುವ ಕಾಲವೇ ಅದು. ಆ ಹುಡುಗನಿಗೆ ಅದು ಇತ್ತು, ನಾವು ಕಳೆದೆವು.

ಪೆಟ್ಟಿನ ನಂತರ ಒಂದೇ ಕಡೆ ಹೊಸದಾಗಿ ಗೋಣುನೋವು ತಲೆನೋವು, ಒಂದು ಕಣ್ಣಿನ ರೆಪ್ಪೆ ಜೋತು ಪಾಪೆ ಸಣ್ಣದಾಗುವುದು, ತಲೆತಿರುಗು, ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ಕೊರಳಲ್ಲಿ ಬಾವು ಬೆಳೆಯುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎನ್ನಬೇಡಿ, 108ಕ್ಕೆ ಕರೆಯಿರಿ. ಕೈಕಾಲು ಬಿದ್ದರೆ, ಮಾತು ಹೋದರೆ, ಅದು ಶುರುವಾದ ವೇಳೆ ನೆನಪಿಟ್ಟು ವೈದ್ಯರಿಗೆ ಹೇಳಿರಿ. ಬಿದ್ದವನನ್ನು ಟ್ರೇಲರಿನಲ್ಲಿ ಎತ್ತಿ ಹಾಕಬೇಡಿ. ತಲೆಯ ಎರಡೂ ಕಡೆ ಬಟ್ಟೆಯ ಸುರುಳಿ ಇಟ್ಟು ಗೋಣು ಅಲುಗದಂತೆ ಹಿಡಿಯಿರಿ. ತಿಕ್ಕಿಸುವುದು, ನೆಟಿಕೆ ತೆಗೆಸುವುದು ಬೇಡವೇ ಬೇಡ. ಪೆಟ್ಟಿಲ್ಲದವರಿಗೂ ಕಟಿಂಗ್ ಅಂಗಡಿಯಲ್ಲಿ ಗೋಣು ಹೊರಳಿಸುವ ಚಟ ಒಳ್ಳೆಯದಲ್ಲ. ಹಿಂದಿನ ನಾಳ ಹರಿದ ಉದಾಹರಣೆಗಳಿವೆ.

ದೊಡ್ಡ ಆಸ್ಪತ್ರೆಯಲ್ಲಿ ನಾಳಕ್ಕೆ ಔಷಧ ಬಿಟ್ಟು ಸಿಟಿ ಸ್ಕ್ಯಾನ್ ತೆಗೆಯುತ್ತಾರೆ. ಗಾಯವನ್ನು ಐದು ದರ್ಜೆಯಲ್ಲಿ ಅಳೆಯುವ ಪದ್ಧತಿ 1999ರಲ್ಲಿ ಅಮೇರಿಕೆಯ ಡೆನ್ವರಿನ ವೈದ್ಯರು ಹಾಕಿಕೊಟ್ಟದ್ದು. ಬಹಳ ಮಂದಿಗೆ ಕತ್ತರಿ ಬೇಕಿಲ್ಲ. ಹೆಪ್ಪು ತಡೆಯುವ ಆಸ್ಪಿರಿನ್ ಅಥವಾ ಹೆಪಾರಿನ್ ಸಾಕಾಗುತ್ತದೆ. ಹಾಗೆಂದು ಮನೆಯಲ್ಲೇ ಆಸ್ಪಿರಿನ್ ನುಂಗಬೇಡಿ. ತಲೆಯೊಳಗೆ ರಕ್ತ ಸೋರುತ್ತಿದ್ದರೆ ಅದೇ ವಿಷವಾದೀತು.

ತಾಯಂದಿರಿಗೆ ಒಂದು ಮಾತು. 1927ರಲ್ಲಿ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಇಸಡೋರಾ ಡಂಕನ್ ಎಂಬ ಹೆಸರಾಂತ ನರ್ತಕಿ ಕೊರಳ ಉದ್ದ ಶಾಲು ಮೋಟಾರಿನ ಗಾಲಿಗೆ ಸುತ್ತಿ ಸತ್ತಳು. ಮೋಟಾರ್ ಸೈಕಲ್ ಹಿಂದೆ ಕೂಡುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿರಿ.

ಟ್ರೇಲರ್ ಧಣಿಗಳು ಹಿಂದೆ ಕೆಂಪು ದೀಪ ಕಟ್ಟಲಿ, ಹೊರಚಾಚಿದ ಕಬ್ಬು ಸವರಲಿ. ಆ ಹುಡುಗ ಈಗ ಕಾಟಾದ ಮೇಲೆ ಕೂಡುತ್ತಾನೆ. ತಾವು ಕಬ್ಬು ತಂದಾಗ ಚೀಟಿ ಬರೆದುಕೊಡುವವನು ಅವನೇ, ಎಡಗೈಯಿಂದ.