ಕಳುಹಿಸಿದ್ದು, ತಲುಪಿದ್ದು



ಮೂರು ದಶಕ ವ್ಯಾಕರಣ ಪಾಠ ಹೇಳಿದವನಿಗೆ ಎರಡು ಕ್ರಿಯಾಪದಗಳ ಅಂತರ ತಿಳಿದದ್ದು ನಿವೃತ್ತಿಯ ಅನಂತರ, ಅದೂ ಶುಲ್ಕ ತೆತ್ತು, ಎಂದರೆ ನೀವು ನಕ್ಕೀರಿ. ನಗಬಹುದು.

ನನ್ನಂಥ ಪಿಂಚಣಿದಾರರು ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಲು 2024ರ ಜುಲೈ 31 ಕಡೆಯ ದಿನವಾಗಿತ್ತು. ಅಂದೇ ಗಣಕಯಂತ್ರದ ಮೂಲಕ ಸಲ್ಲಿಸಿದೆ. ಆದರೆ ಅದನ್ನು ದೃಢೀಕರಿಸುವ ಕೆಲಸ ಉಳಿದಿತ್ತು. ಆಧಾರ್‌ಗೆ ಜೋಡಿಸಿದ ಮೊಬೈಲ್ ಉಳ್ಳವರು ಅದನ್ನು ಕ್ಷಣದಲ್ಲಿ ಮುಗಿಸುತ್ತಾರೆ. ನನ್ನ ಹಳೆಯ ಸಂಖ್ಯೆ ಕೈತಪ್ಪಿತ್ತು. ಹೀಗಾಗಿ ಅಂಚೆಯ ದಾರಿ ಹಿಡಿದೆ: ಐ.ಟಿ.ಆರ್.-ವಿ ಎಂಬ ಹಾಳೆಗೆ ರುಜು ಹಾಕಿ, ಮೂವತ್ತು ದಿನಗಳ ಅವಧಿಯಲ್ಲಿ ಬೆಂಗಳೂರಿನ ತೆರಿಗೆ ಸಂಸ್ಕರಣಾ ಕೇಂದ್ರಕ್ಕೆ ಕಳುಹಿಸುವುದು.

ಆಗಸ್ಟ್ 29ರ ಸಂಜೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ನಮ್ಮ ತಂದೆಯವರ ಕಾಲದ ತಂತಿಗೆ ಸಿಕ್ಕಿಸಿ ನಿಶ್ಚಿಂತನಾದೆ. ಪತ್ರ ತಲುಪಿದ್ದು ಸೆಪ್ಟೆಂಬರ್ 2ರಂದು. ತಡ ಅಂಚೆಯದಲ್ಲ, ನನ್ನದು. 2022ರ ಅಧಿಸೂಚನೆ ಅಂಚೆಗೆ ಹಾಕಿದ ದಿನವನ್ನು ಗಣಿಸುತ್ತಿತ್ತು. ನಾನು ಓದಿದ್ದುದು ಅದನ್ನು. 2024ರ ಮಾರ್ಚ್ 31ರ ಅಧಿಸೂಚನೆ ತಲುಪಿದ ದಿನವನ್ನೇ ಗಣಿಸಿತು. ರಿಟರ್ನ್ ತಡವಾಗಿ ಸಲ್ಲಿಸಿದಂತಾಯಿತು. ವರಮಾನ ಐದು ಲಕ್ಷ ಮೀರಿದ್ದರಿಂದ 5,000 ರೂಪಾಯಿ ವಿಳಂಬ ಶುಲ್ಕ ತೆತ್ತೆ. ರಸೀದಿ ತಂತಿಯಲ್ಲಿಯೇ ಇತ್ತು.

‘ಕಳುಹಿಸು’ ಎಂಬ ಕ್ರಿಯೆಗೆ ಕರ್ತೃ ನಾನು; ‘ತಲುಪು’ ಎಂಬುದಕ್ಕೆ ಕರ್ತೃ ಪತ್ರ. ನನ್ನ ಕರ್ತೃತ್ವ ಮುಗಿದಲ್ಲಿ ಕಾರ್ಯವೂ ಮುಗಿಯಿತೆಂದು ಭಾವಿಸಿದ್ದೇ ನನ್ನ ತಪ್ಪು.

ತಂದೆಯವರು ಈ ತಪ್ಪು ಮಾಡುತ್ತಿರಲಿಲ್ಲ. ರಿಜಿಸ್ಟರ್ ಮಾಡಿದ ಪತ್ರದ ರಸೀದಿಯನ್ನು ಅವರು ಜೇಬಿನಲ್ಲಿಯೇ ಇಟ್ಟುಕೊಂಡು ಕಾಯುತ್ತಿದ್ದರು. ಪಡೆದವರ ರುಜು ಹೊತ್ತ ಮರುಸ್ವೀಕೃತಿಯ ಕಾರ್ಡು ಹಿಂದಿರುಗಿದ ಮೇಲೆಯೇ ಎರಡನ್ನೂ ಒಟ್ಟಿಗೆ ತಂತಿಗೆ ಸಿಕ್ಕಿಸುತ್ತಿದ್ದರು. ನಾನು ಅವರಿಂದ ಕಲಿತದ್ದು ಅರ್ಧ ಮಾತ್ರ.

ಆ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ವಿಲೀನವಾಯಿತು. ಅದು ಕಲಿಸಿದ ಶಿಸ್ತು ವಿಲೀನವಾಗಬೇಕಿಲ್ಲ. ಕಾಗದವನ್ನು ಮೊದಲ ವಾರದಲ್ಲಿಯೇ ಅಂಚೆಗೆ ಹಾಕಿರಿ. ರಸೀದಿಯಲ್ಲಿರುವ ಹದಿಮೂರು ಅಕ್ಷರಾಂಕಿಗಳನ್ನು ಅಂಚೆ ಇಲಾಖೆಯ ಜಾಲತಾಣದಲ್ಲಿ ನಮೂದಿಸಿ, ಬಟವಾಡೆಯಾದ ದಿನವನ್ನು ನೋಡಿ, ಅದರ ಅಚ್ಚುಪ್ರತಿ ತೆಗೆದಿಡಿ. ಕೇಂದ್ರದಿಂದ ಸ್ವೀಕೃತಿಯ ಇ-ಅಂಚೆ ಬರುವವರೆಗೆ ಕಾಯಿರಿ. ಬಾರದಿದ್ದರೆ ದಿನಗಳು ಉಳಿದಿರುವಾಗಲೇ ವಿಚಾರಿಸಿ.

ಈಗ ನಮ್ಮ ಮನೆಯ ತಂತಿಗೆ ಒಂಟಿ ರಸೀದಿ ಏರುವುದಿಲ್ಲ. ಜೊತೆಯದು ಬರುವ ತನಕ ಅದು ನನ್ನ ಜೇಬಿನಲ್ಲಿಯೇ ಇರುತ್ತದೆ.