ಮನಸ್ಸಿನ ಚಿಕಿತ್ಸೆ: ಮೊದಲ ಭೇಟಿಗೆ ಹೋಗುವ ಮುನ್ನ

(ಕೆದಂಬಾಡಿಯಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನೂ ಹೆತ್ತವರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)





ಎಸ್ಸೆಸ್ಸೆಲ್ಸಿ ನಂತರ ಏನು ಓದಬೇಕು, ಯಾವ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬೇಕು ಎಂಬ ಮಾತುಗಳನ್ನು ಈ ವೇದಿಕೆಯಿಂದ ನೀವು ಪ್ರತಿ ವರ್ಷ ಕೇಳುತ್ತೀರಿ. ನಾನೂ ಅದನ್ನೇ ಹೇಳುತ್ತೇನೆಂದು ಸಂಘಟಕರು ಭಾವಿಸಿದ್ದರು. ಆದರೆ ಈ ಸಲ ವಿಷಯ ಬದಲಿಸಿದ್ದೇನೆ. ಅದಕ್ಕೆ ಕಾರಣ ನನ್ನ ಒಬ್ಬ ವಿದ್ಯಾರ್ಥಿ. ಅವನ ಒಪ್ಪಿಗೆ ಪಡೆದು, ಊರು ಹೆಸರುಗಳನ್ನು ಬಿಟ್ಟು, ಅವನ ವಿಷಯ ಹೇಳುತ್ತೇನೆ.

ಓದಿನಲ್ಲಿ ಜಾಣ ಹುಡುಗ. ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಕೈ ನಡುಗಿತು, ಕಣ್ಣು ಕತ್ತಲೆ ಬಂತು. ಅರ್ಧ ಗಂಟೆಯಲ್ಲಿ ಎದ್ದು ಹೊರಗೆ ಬಂದ. ಮನೆಯ ವೈದ್ಯರು ಪರೀಕ್ಷಿಸಿ, ಮಂಗಳೂರಿನಲ್ಲಿ ಖಾಸಗಿಯಾಗಿ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರೊಬ್ಬರ ಬಳಿಗೆ ಕಳುಹಿಸಿದರು. ಒಂದು ಸಲ ಹೋದ. ಮತ್ತೆ ಹೋಗಲಿಲ್ಲ. ಯಾಕಪ್ಪಾ ಎಂದು ಕೇಳಿದೆ. "ಒಂದು ಗಂಟೆ ಬರೀ ಮಾತಾಡಿಸಿದರು ಸರ್. ಮದ್ದೂ ಇಲ್ಲ, ಉಪಾಯವೂ ಇಲ್ಲ. ಉಪ್ಪನ ಸಾವಿರ ರೂಪಾಯಿ ಸುಮ್ಮನೆ ಹೋಯಿತು" ಎಂದ.

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಯಾಕೆಂದರೆ ಎಂಟು ವರ್ಷಗಳ ಹಿಂದೆ ಮಂಗಳೂರಿನಿಂದ ಪುತ್ತೂರಿಗೆ ಬರುವ ಬಸ್ಸಿನಲ್ಲಿ ಕುಳಿತು ಇದೇ ಮಾತನ್ನು ನಾನೂ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ.

ಹೌದು, ನಾನೂ ಹೋಗಿದ್ದೆ. ನನ್ನ ಉಪ್ಪ ತೀರಿಕೊಂಡ ಮೇಲೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಇಸಿಜಿ ಮಾಡಿಸಿದೆ, ಎಕೋ ಮಾಡಿಸಿದೆ, ಥೈರಾಯ್ಡ್ ನೋಡಿಸಿದೆ. ಎಲ್ಲವೂ ಸರಿಯಾಗಿತ್ತು. "ನಿಮ್ಮ ಹೃದಯ ಚೆನ್ನಾಗಿದೆ, ಮನಸ್ಸಿಗೆ ಚಿಕಿತ್ಸೆ ಬೇಕು" ಎಂದರು ಡಾಕ್ಟ್ರು. ನಾನು ಐದು ತಿಂಗಳು ಸುಮ್ಮನಿದ್ದೆ. ಊರಲ್ಲಿ ಗೊತ್ತಾದರೆ "ಮಾಷ್ಟ್ರ ಮಂಡೆ ಸರಿ ಇಲ್ಲವಂತೆ" ಎನ್ನುತ್ತಾರೆ, ನಾಳೆ ಮಗಳಿಗೆ ಸಂಬಂಧ ಬರುವುದಿಲ್ಲ ಎಂಬ ಹೆದರಿಕೆ. ಈ ಊರಿನ ಸಭೆಯಲ್ಲಿ ಇದನ್ನು ಮೊದಲ ಬಾರಿಗೆ ಹೇಳುತ್ತಿದ್ದೇನೆ. ಮಗಳ ಮದುವೆಯೂ ಆಗಿದೆ, ನಾನೂ ನಿಮ್ಮೆದುರು ನಿಂತಿದ್ದೇನೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಮ್ಮ ನೆರೆಯ ಕೇರಳವೂ ಸೇರಿದಂತೆ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿತು. ಮಾನಸಿಕ ತೊಂದರೆ ಇರುವವರಲ್ಲಿ, ತೊಂದರೆಯ ಬಗೆಯನ್ನು ಹೊಂದಿಕೊಂಡು, ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ ಎಂದು ಅದರ ವರದಿ ಹೇಳಿತು. ಇದಕ್ಕೆ ಬಡತನ ಒಂದು ಕಾರಣ, ನಾಚಿಕೆ ಇನ್ನೊಂದು. ಮೂರನೆಯ ಕಾರಣವನ್ನು ನನ್ನ ಅನುಭವದಿಂದ ಹೇಳುತ್ತೇನೆ: ಅಲ್ಲಿ ಏನು ನಡೆಯುತ್ತದೆಂದು ನಮಗೆ ಯಾರೂ ಮೊದಲೇ ಹೇಳಿರುವುದಿಲ್ಲ. ಹಾಗಾಗಿ ಬಾಗಿಲವರೆಗೆ ಹೋದವರೂ ಹಿಂದೆ ಬರುತ್ತಾರೆ. ಇವತ್ತು ಆ ಒಂದು ಕೊರತೆಯನ್ನು ತುಂಬಲು ಪ್ರಯತ್ನಿಸುತ್ತೇನೆ.

ಯಾರ ಬಳಿಗೆ ಹೋಗುವುದು?

ಮನೋವೈದ್ಯರು ಎಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಿದವರು. ಅವರು ಮದ್ದು ಬರೆಯುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಅಂದರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ಮೇಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು. ಅವರು ಮದ್ದು ಬರೆಯುವುದಿಲ್ಲ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಇವರಲ್ಲದೆ ಕೌನ್ಸೆಲರ್, ಅಂದರೆ ಆಪ್ತಸಲಹೆಗಾರರು ಇದ್ದಾರೆ. ಇವರಲ್ಲಿ ಬಹಳ ಒಳ್ಳೆಯವರಿದ್ದಾರೆ. ಆದರೆ ಬೋರ್ಡು ಹಾಕಿದವರೆಲ್ಲರೂ ಒಂದೇ ರೀತಿಯ ತರಬೇತಿ ಪಡೆದವರಲ್ಲ. "ನೀವು ಏನು ಓದಿದ್ದೀರಿ? ನಿಮ್ಮ ನೋಂದಣಿ ಸಂಖ್ಯೆ ಏನು? ನನ್ನಂಥ ತೊಂದರೆಗೆ ಮೊದಲು ಚಿಕಿತ್ಸೆ ಕೊಟ್ಟಿದ್ದೀರಾ?" ಎಂದು ಫೋನಿನಲ್ಲೇ ಕೇಳಿ. ಚಿನ್ನ ತೆಗೆದುಕೊಳ್ಳುವಾಗ ಹಾಲ್‌ಮಾರ್ಕ್ ನೋಡುವ ನಾವು ಇಲ್ಲಿ ಸಂಕೋಚ ಪಡಬೇಕಾಗಿಲ್ಲ. ಸರಿಯಾದವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ.

ಅದೇ ಫೋನಿನಲ್ಲಿ ಇನ್ನೂ ಮೂರು ವಿಷಯ ತಿಳಿದುಕೊಳ್ಳಿ. ಒಂದು, ಶುಲ್ಕ ಎಷ್ಟು, ಬರಲಾಗದಿದ್ದರೆ ಎಷ್ಟು ಮೊದಲು ತಿಳಿಸಬೇಕು. ಖಾಸಗಿಯಲ್ಲಿ ಒಂದು ಭೇಟಿಗೆ ಕೆಲವು ನೂರರಿಂದ ಸಾವಿರ, ಅದಕ್ಕೂ ಹೆಚ್ಚು ರೂಪಾಯಿ ಆಗಬಹುದು. ವಿದ್ಯಾರ್ಥಿಗಳಿಗೆ ಕಡಿಮೆ ಮಾಡುವವರೂ ಇದ್ದಾರೆ, ಕೇಳಿದರೆ ತಪ್ಪಿಲ್ಲ. ಎರಡು, ಭಾಷೆ. ಶಾಲೆಯ ಕನ್ನಡದಲ್ಲಿ ನಾವು ಪಾಠ ಒಪ್ಪಿಸಬಹುದು, ಆದರೆ ದುಃಖ ಬರುವುದು ಮನೆಮಾತಿನಲ್ಲಿ. ಬ್ಯಾರಿ, ತುಳು, ಮಲಯಾಳ ಗೊತ್ತಿರುವವರು ಸಿಗುತ್ತಾರೆಯೇ ಎಂದು ವಿಚಾರಿಸಿ. ಮೂರು, ಹೆಣ್ಣುಮಕ್ಕಳಿಗೆ ಮಹಿಳೆಯರೇ ಬೇಕಿದ್ದರೆ ಅದನ್ನು ಮೊದಲೇ ಹೇಳಿ. ದೂರ ಹೋಗಲಾಗದವರಿಗೆ, ಗಲ್ಫಿನಲ್ಲಿರುವ ನಮ್ಮವರಿಗೆ, ವಿಡಿಯೋ ಕರೆಯ ಮೂಲಕ ಮಾತನಾಡುವ ವ್ಯವಸ್ಥೆಯೂ ಈಗ ಹಲವರಲ್ಲಿ ಇದೆ. ಅದಕ್ಕೆ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಬೇಕು, ಅಷ್ಟೆ.

ಮೊದಲ ದಿನ

ಸಾಮಾನ್ಯವಾಗಿ 45ರಿಂದ 60 ನಿಮಿಷ. ಮೊದಲು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಕೇಳಬಹುದು. ಓದಿ, ಅರ್ಥವಾಗದ್ದನ್ನು ಕೇಳಿ ಸಹಿ ಹಾಕಿ. ಆಮೇಲೆ ಪ್ರಶ್ನೆಗಳು. ನಿದ್ದೆ ಹೇಗಿದೆ, ಊಟ ಹೇಗಿದೆ, ಯಾವಾಗಿನಿಂದ ಹೀಗೆ, ಮನೆಯಲ್ಲಿ ಯಾರಿದ್ದಾರೆ, ಯಾವ ಮದ್ದು ತೆಗೆದುಕೊಳ್ಳುತ್ತೀರಿ, ಅಮಲು ಪದಾರ್ಥದ ಅಭ್ಯಾಸ ಇದೆಯೇ? "ಬದುಕೇ ಬೇಡ ಅನ್ನಿಸಿದೆಯೇ?" ಎಂದೂ ಕೇಳುತ್ತಾರೆ. ಹೆತ್ತವರು ಇದಕ್ಕೆ ಗಾಬರಿಯಾಗುತ್ತಾರೆ. ಕೇಳಿದ್ದರಿಂದ ಆ ಯೋಚನೆ ಯಾರಿಗೂ ಹೊಸದಾಗಿ ಹುಟ್ಟುವುದಿಲ್ಲ. ಮೊದಲೇ ಇದ್ದವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಇದು ಎಲ್ಲರಿಗೂ ಕೇಳುವ ಪ್ರಶ್ನೆ.

ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುತ್ತಾರೆ. "ನನ್ನ ಮಗ ನನ್ನಿಂದ ಮುಚ್ಚಿಡುವಂಥದ್ದು ಏನಿದೆ?" ಎಂದು ಬೇಸರಿಸಬೇಡಿ. ಬಾಗಿಲ ಹೊರಗೆ ಕುಳಿತದ್ದೇ ಆ ದಿನ ನೀವು ಅವನಿಗೆ ಮಾಡಿದ ದೊಡ್ಡ ಉಪಕಾರ.

ಹೇಳಿದ್ದು ಊರಿಗೆಲ್ಲ ಗೊತ್ತಾಗುತ್ತದೆಯೇ? ಇಲ್ಲ. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ಗೋಪ್ಯತೆಯನ್ನು ನಿಮ್ಮ ಹಕ್ಕು ಎನ್ನುತ್ತದೆ. ಇದಕ್ಕೆ ಕೆಲವು ವಿನಾಯಿತಿಗಳಿವೆ: ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದಾಗ, ನ್ಯಾಯಾಲಯ ಆದೇಶಿಸಿದಾಗ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ತಿಳಿದವರು ಅದನ್ನು ವರದಿ ಮಾಡಲೇಬೇಕು. 18 ತುಂಬದವರ ಚಿಕಿತ್ಸೆಗೆ ಹೆತ್ತವರ ಒಪ್ಪಿಗೆ ಬೇಕು. ಆದರೆ ಹೆತ್ತವರಿಗೆ ಏನನ್ನು ಹೇಳುವುದು, ಏನನ್ನು ಹೇಳದಿರುವುದು ಎಂಬುದನ್ನು ಮೊದಲ ದಿನವೇ ಮಾತಾಡಿಕೊಳ್ಳಬಹುದು. ಈ ಗಡಿಗಳನ್ನು ಅವರಾಗಿ ವಿವರಿಸದಿದ್ದರೆ ನೀವೇ ಕೇಳಿ.

ಇಷ್ಟಾಗುವಾಗ ಗಂಟೆ ಮುಗಿದಿರುತ್ತದೆ. ಮದ್ದಿನ ಚೀಟಿ ಇಲ್ಲ, ಬುದ್ಧಿಮಾತು ಇಲ್ಲ. ನನ್ನ ವಿದ್ಯಾರ್ಥಿ ಹಿಂದೆ ಬಂದದ್ದು ಇಲ್ಲಿಂದಲೇ, ನಾನು ಬಸ್ಸು ಹತ್ತಿದ್ದೂ ಇಲ್ಲಿಂದಲೇ. ಸ್ನೇಹಿತರೇ, ತೋಟಕ್ಕೆ ಬಾವಿ ತೋಡುವವರು ಬಂದ ಮೊದಲ ದಿನವೇ ನೀರು ಕೊಡುವುದಿಲ್ಲ. ಮೊದಲು ನೆಲ ನೋಡುತ್ತಾರೆ. ಆ ಮೊದಲ ಗಂಟೆ ನೆಲ ನೋಡುವ ಗಂಟೆ.

ಆಮೇಲಿನ ವಾರಗಳು

ನಾನು ಎರಡನೆಯ ಸಲ ಹೋದದ್ದು ನಮ್ಮ ಡಾಕ್ಟ್ರು ಗದರಿಸಿದ ಕಾರಣಕ್ಕೆ. ಆ ದಿನ ನನಗೊಂದು ಹೋಂವರ್ಕ್ ಸಿಕ್ಕಿತು. ಮೂವತ್ತು ವರ್ಷ ಮಕ್ಕಳಿಗೆ ಹೋಂವರ್ಕ್ ಕೊಟ್ಟವನಿಗೆ ಹೋಂವರ್ಕ್! ಎದೆ ಹೊಡೆದುಕೊಂಡಾಗಲೆಲ್ಲ ಗಂಟೆ ಎಷ್ಟು, ಆಗ ಏನು ಮಾಡುತ್ತಿದ್ದೆ, ಮನಸ್ಸಿನಲ್ಲಿ ಯಾವ ಮಾತು ಬಂತು ಎಂದು ಒಂದು ನೋಟುಪುಸ್ತಕದಲ್ಲಿ ಬರೆಯಬೇಕು. ಎರಡು ವಾರ ಬರೆದ ಮೇಲೆ ಪುಟ ತಿರುವಿದರೆ ಒಂದೇ ವಾಕ್ಯ ಮತ್ತೆ ಮತ್ತೆ ಇತ್ತು: "ನಾನು ಆ ದಿನ ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ ಉಪ್ಪ ಉಳಿಯುತ್ತಿದ್ದರು." ಆ ವಾಕ್ಯ ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ.

ಅವರು "ಹಾಗೆಲ್ಲ ಯೋಚಿಸಬೇಡಿ" ಎನ್ನಲಿಲ್ಲ. "ಇದು ನಿಜವೇ, ನೋಡೋಣ. ಆ ದಿನ ಡಾಕ್ಟ್ರು ಏನು ಹೇಳಿದರು? ನಿಮಗೆ ಆಗ ಏನು ಗೊತ್ತಿತ್ತು, ಆಮೇಲೆ ಏನು ಗೊತ್ತಾಯಿತು?" ಎಂದು ಒಂದೊಂದಾಗಿ ಕೇಳಿದರು. ಅಮೆರಿಕದ ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸಾಕ್ರಮ ಇದು. ಮನಸ್ಸಿಗೆ ತಾನಾಗಿ ಬರುವ ಯೋಚನೆಯನ್ನು ಹಿಡಿದು, ಅದಕ್ಕೆ ಆಧಾರವಿದೆಯೇ ಎಂದು ಪರೀಕ್ಷಿಸುವುದು. ಸಿಬಿಟಿ ಎಂದು ಕರೆಯುವ ಈ ಕ್ರಮ ಆತಂಕ, ಖಿನ್ನತೆಗಳಿಗೆ ಹೆಚ್ಚು ಬಳಕೆಯಲ್ಲಿದೆ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಆರರಿಂದ ಇಪ್ಪತ್ತು ಭೇಟಿ ಬೇಕಾಗುತ್ತದೆ. ಬೇರೆ ಕ್ರಮಗಳೂ ಇವೆ, ಕೆಲವು ಹೆಚ್ಚು ಕಾಲ ಹಿಡಿಯುತ್ತವೆ. ಕೆಲವು ತೊಂದರೆಗಳಿಗೆ ಮದ್ದೂ ಬೇಕು, ಮಾತೂ ಬೇಕು.

ಒಂದು ಎಚ್ಚರಿಕೆ. ನಡುವೆ ಕೆಲವು ದಿನ ಮನಸ್ಸು ಮೊದಲಿಗಿಂತ ಭಾರವಾಗಬಹುದು. ಮೂರನೆಯ ಭೇಟಿ ಮುಗಿಸಿ ಬಂದ ನಾನು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತು ಅತ್ತಿದ್ದೆ. ಹಳೆಯ ಗಾಯ ತೊಳೆಯುವಾಗ ಉರಿಯುತ್ತದೆ. ಹಾಗಾದರೆ ಮುಂದಿನ ಭೇಟಿಯಲ್ಲಿ ಅದನ್ನೇ ಹೇಳಿ, ಬಿಟ್ಟುಬಿಡಬೇಡಿ. ನಾಲ್ಕೈದು ಭೇಟಿಯ ನಂತರ "ನನ್ನಲ್ಲಿ ಏನು ಬದಲಾಗಿದೆ?" ಎಂದು ಇಬ್ಬರೂ ಕೂತು ನೋಡಬೇಕು. ಏನೂ ಬದಲಾಗಿಲ್ಲವೆಂದರೆ, ಅಥವಾ ಆ ವ್ಯಕ್ತಿಯೊಡನೆ ಮನಬಿಚ್ಚಿ ಮಾತಾಡಲು ಆಗುತ್ತಿಲ್ಲವೆಂದರೆ, ಹೇಳಿ ಬೇರೆಯವರ ಬಳಿಗೆ ಹೋಗಬಹುದು. ಅದು ಸೋಲಲ್ಲ.

ಎಲ್ಲಿ ಎದ್ದು ಬರಬೇಕು?

ಒಂದೇ ಭೇಟಿಯಲ್ಲಿ ಗುಣ ಎಂದು ಭರವಸೆ ಕೊಡುವವರು, ಮನೋವೈದ್ಯರನ್ನು ಕೇಳದೆ ಮದ್ದು ನಿಲ್ಲಿಸಲು ಹೇಳುವವರು, ಇನ್ನೊಬ್ಬರ ಕಥೆಯನ್ನು ಹೆಸರು ಹಿಡಿದು ನಿಮಗೆ ಹೇಳುವವರು, ಮುಟ್ಟಲು ಬರುವವರು, ನಿಮ್ಮ ಧರ್ಮವನ್ನೋ ಉಡುಪನ್ನೋ ಹಳಿಯುವವರು - ಇಂಥವರಲ್ಲಿ ಒಂದು ನಿಮಿಷವೂ ಕೂರಬೇಡಿ. ಮನೆಗೆ ಬಂದು ಹೆತ್ತವರಿಗೆ ಹೇಳಿ.

ಹಣವಿಲ್ಲದವರು ಏನು ಮಾಡಬೇಕು?

ಖಾಸಗಿ ಚಿಕಿತ್ಸೆ ಎಲ್ಲರ ಕೈಗೆಟಕುವುದಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ವ್ಯವಸ್ಥೆ ಮಾಡಲಾಗಿದೆ. ದಿನ, ಸಮಯವನ್ನು ಪುತ್ತೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಮಂಗಳೂರಿನಲ್ಲಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಅದರ ಸಂಖ್ಯೆ 14416. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ವಿದ್ಯಾರ್ಥಿಗಳೇ, ಈ ಸಂಖ್ಯೆಯನ್ನು ಈಗಲೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ನಿಮಗೆ ಬೇಡವಾದರೆ ಗೆಳೆಯನಿಗೆ ಬೇಕಾಗಬಹುದು.

ಇನ್ನು ನಮ್ಮ ಮನೆಗಳಲ್ಲಿ ಕೇಳಿಬರುವ ಒಂದು ಮಾತು: "ಈಮಾನ್ ಗಟ್ಟಿ ಇದ್ದರೆ ಇದೆಲ್ಲ ಬರುವುದಿಲ್ಲ." ಸಕ್ಕರೆ ಕಾಯಿಲೆಗೆ ನಾವು ಹಾಗೆ ಹೇಳುವುದಿಲ್ಲ. ಉಸ್ತಾದರಲ್ಲಿ ದುಆ ಮಾಡಿಸಿ, ಚಿಕಿತ್ಸೆಯನ್ನೂ ಮಾಡಿಸಿ. ಕ್ರಿ.ಶ. 934ರಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ದೇಹದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯ ಎರಡನ್ನೂ ಸೇರಿಸಿ ಗ್ರಂಥ ಬರೆದರು. ಭಯ, ಕೋಪ, ದುಃಖ, ಬಿಡದೆ ಕಾಡುವ ವಸ್ವಾಸ್ ಇವುಗಳಿಗೆ ಪರಿಹಾರವನ್ನು ಅದರಲ್ಲಿ ಚರ್ಚಿಸಿದರು. ಸಾವಿರ ವರ್ಷದ ಹಿಂದೆ ನಮ್ಮ ವಿದ್ವಾಂಸರು ನಾಚಿಕೊಳ್ಳದೆ ಬರೆದದ್ದನ್ನು ನಾವು ಇವತ್ತು ಮುಚ್ಚಿಡುವುದು ಯಾಕೆ?

ಕೊನೆಯದಾಗಿ, ನನ್ನ ಚಿಕಿತ್ಸೆ ಹದಿನಾಲ್ಕು ಭೇಟಿಗೆ ಮುಗಿಯಿತು. ಉಪ್ಪನ ನೆನಪು ಈಗಲೂ ಬರುತ್ತದೆ, ದುಃಖವೂ ಆಗುತ್ತದೆ. ಆದರೆ ರಾತ್ರಿ ನಿದ್ದೆ ಮಾಡುತ್ತೇನೆ. ನನ್ನ ವಿದ್ಯಾರ್ಥಿಗೆ ಇಷ್ಟನ್ನೂ ಹೇಳಿದ ಮೇಲೆ ಅವನು ಒಂದೇ ಪ್ರಶ್ನೆ ಕೇಳಿದ: "ಸರ್, ಎರಡನೇ ಸಲ ಹೋಗುವಾಗ ನೀವು ಜೊತೆಗೆ ಬರುತ್ತೀರಾ?" ಹೋದೆ. ಹೊರಗಿನ ಬೆಂಚಿನಲ್ಲಿ ಕುಳಿತೆ. ಅವನು ಈಗ ಆರನೆಯ ಭೇಟಿಯಲ್ಲಿದ್ದಾನೆ. ಪರೀಕ್ಷೆ ಇನ್ನೂ ಮುಂದಿದೆ, ಫಲಿತಾಂಶ ನನಗೆ ಗೊತ್ತಿಲ್ಲ.

ಈ ಸಭೆಯಲ್ಲಿರುವ ಪ್ರತಿಯೊಬ್ಬ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯ ಮಗುವೊಂದು ಆ ಬಾಗಿಲೊಳಗೆ ಹೋಗಬೇಕಾಗಿ ಬಂದರೆ, ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಒಳಗೆ ಏನಾಯಿತೆಂದು ಕೇಳಬೇಡಿ. ಹಿಂದೆ ಬರುವಾಗ ಒಂದು ಚಹಾ ಕುಡಿಸಿ ಕರೆದುಕೊಂಡು ಬನ್ನಿ.